ತೊಳೆದು ತಂದ ಕಷಾಯದ ಗಡಿಗೆ

ಚೀನಾದ ಝಾಂಗ್‌ಶು ಪೇಟೆಯ ನಮ್ಮ ಓಣಿಗೆ ಬೆಳಗಾಗುವುದು ಮ್ಯಾವ್ ಸುಚಿನ್ ಅವರ ಕತ್ತಿಯ ಸದ್ದಿನಿಂದ. ಈಕೆ ಮೂಲಿಕೆ ಅಂಗಡಿಯ ಹಿಂಬದಿಯಲ್ಲಿ ಕೂತು, ಒದ್ದೆ ಬಟ್ಟೆಯಲ್ಲಿ ಮೆದುವಾದ ಬೇರುಗಳನ್ನು ಹೆಚ್ಚುತ್ತಿದ್ದಾರೆ. ಇದು ತಲೆನೋವಿನ ಬೇರು. ಬಿಲ್ಲೆಗಳು ಊದಿದರೆ ಹಾರುವಷ್ಟು ತೆಳು. ಪಕ್ಕದ ಬುಟ್ಟಿಯಲ್ಲಿ ಮೈಕೈ ನೋವಿನ ಕಷಾಯಕ್ಕೆ ದಾಲ್ಚಿನ್ನಿ ಕಡ್ಡಿ, ಶುಂಠಿ.

"ದಪ್ಪ ಹೆಚ್ಚಿದ್ರೆ ಸಾರ ಬಿಡಲ್ಲ, ಪುಡಿಯಾದ್ರೆ ತಳ ಹಿಡಿಯುತ್ತೆ. ನಮ್ಮಪ್ಪ ನನ್ನ ಬೆರಳಿಗಿಂತ ಬೇರನ್ನೇ ಜಾಸ್ತಿ ಮುದ್ದು ಮಾಡ್ತಿದ್ರು" ಎಂದು ನಗುತ್ತಾರೆ. ಊರಿನ ನೋವಿಗೆಲ್ಲ ಬೇರು ಹೆಚ್ಚುವವರ ಬಲಭುಜ ಮಾತ್ರ ವರ್ಷವಿಡೀ ನೋಯುತ್ತದೆ. ದೀಪದ ಬುಡ ಕತ್ತಲೆ. ಈ ಕೈಯ ಕಷಾಯವನ್ನು ಮೂಗು ಹಿಡಿದು ಕುಡಿದವರಲ್ಲಿ ನಾನೂ ಒಬ್ಬ. ಆದರೆ ಔಷಧಿ ಬರೆದುಕೊಟ್ಟ ವೈದ್ಯರನ್ನು ಹೊಗಳುವವರೇ ಎಲ್ಲ, ಬೇರು ಹೆಚ್ಚಿದವರ ಹೆಸರು ಯಾರಿಗೆ ಬೇಕು?

ಅಪ್ಪ ಬಿಟ್ಟುಹೋದ ಕಷಾಯದ ಮಣ್ಣಿನ ಗಡಿಗೆಯೊಂದು ಸುಚಿನ್ ಅವರಲ್ಲಿದೆ. ಓಣಿಯಲ್ಲಿ ಯಾರಿಗೆ ಹುಷಾರು ತಪ್ಪಿದರೂ ಅದನ್ನು ಒಯ್ಯುತ್ತಾರೆ. ಒಯ್ದವರು ಹಿಂದಕ್ಕೆ ತಂದುಕೊಡುವಂತಿಲ್ಲ, ಮುಂದೆ ಬೇಕಾದವರೇ ಅವರ ಮನೆಗೆ ಹೋಗಿ ತರಬೇಕು. ತಂದುಕೊಟ್ಟರೆ ರೋಗವನ್ನೂ ತಂದುಕೊಟ್ಟಂತೆ ಎಂಬುದು ನಮ್ಮವರ ನಂಬಿಕೆ.

ಕಳೆದ ಚಳಿಗಾಲದಲ್ಲಿ ಪಕ್ಕದ ಮನೆಯಾಕೆ ಫಾನ್ ಅವರ ತಲೆನೋವಿಗೆ ಗಡಿಗೆ ಅವರಲ್ಲಿಗೆ ಹೋಗಿತ್ತು. ನೋವು ಇಳಿಯಿತು. ಬೇರೆ ಊರಿನಿಂದ ಆಗಷ್ಟೇ ಬಂದಿದ್ದ ಅವರ ಸೊಸೆ ಯಾನ್‌ಲಿಂಗ್‌ಗೆ ಈ ರೂಢಿ ಗೊತ್ತಿರಲಿಲ್ಲ. ಗಡಿಗೆಯನ್ನು ಚೊಕ್ಕವಾಗಿ ತೊಳೆದು, ಬರಿದಾಗಿ ಕೊಡಬಾರದೆಂದು ಕಿತ್ತಳೆ ತುಂಬಿ, ಸುಚಿನ್ ಅವರ ಬಾಗಿಲಲ್ಲಿಟ್ಟು ಬಂದಳು. ಅಂದು ಸಂಜೆಯೇ ಸುಚಿನ್ ಮೈಕೈ ನೋವು, ತಲೆಸಿಡಿತ ಎಂದು ಮಲಗಿಬಿಟ್ಟರು!

ಮರುದಿನ ಕತ್ತಿ ಸದ್ದಿಲ್ಲ. ಓಣಿಯ ಬಾಯಿಗೆ ಬೀಗ ಹಾಕುವವರು ಯಾರು? "ರೋಗ ಹೊತ್ತು ತಂದ್ಲು" ಎಂದರು. ಫಾನ್ ಕೂಡ ಸೊಸೆ ಮಾಡಿದ ಅನ್ನ ಮುಟ್ಟಲಿಲ್ಲ. ಪಾಪ, ಹುಡುಗಿ ತವರಿಗೆ ಹೊರಡಲು ಬಟ್ಟೆ ಗಂಟು ಕಟ್ಟಿದಳು.

ಸುದ್ದಿ ತಿಳಿದ ಸುಚಿನ್, ಅತ್ತೆ ಸೊಸೆ ಇಬ್ಬರನ್ನೂ ಕರೆಸಿದರು. "ಒಣಗಕ್ಕೆ ಹಾಕಿದ್ದ ಬೇರು ಎತ್ತಕ್ಕೆ ಹೋಗಿ ಮಳೇಲಿ ನೆಂದವಳು ನಾನು, ಬೈಗುಳ ಇವಳಿಗಾ ಫಾನಕ್ಕಾ? ಗಡಿಗೆ ನಿಮ್ಮನೇಲೇ ಇದ್ದಿದ್ರೆ, ಈ ನೋಯೋ ತಲೆ ಹೊತ್ಕೊಂಡು ನಾನೇ ನಿಮ್ಮ ಮೆಟ್ಟಿಲು ಹತ್ತಬೇಕಿತ್ತು. ಬಾ ಮಗಳೇ, ಅದೇ ಗಡಿಗೇಲಿ ನೀನೇ ಕಾಯ್ಸು."

"ಇನ್ನೂ ಜಾಸ್ತಿ ಆದ್ರೆ, ಚಿಕ್ಕಮ್ಮ?" ಎಂದಳು ಯಾನ್‌ಲಿಂಗ್.

"ಆಗ ಬೇರು ಸರಿಯಿಲ್ಲ ಅಂತ ಹೆಚ್ಚಿದವಳನ್ನ ಬೈಲಿ. ಹೆಚ್ಚಿದವಳು ನಾನೇ."

ಬಿಸಿ ಕಷಾಯ ಕುಡಿದು ಹೊದ್ದು ಮಲಗಿದ ಸುಚಿನ್ ಅವರಿಗೆ ಬೆವರು ಬಿಟ್ಟಿತು. ಮರುದಿನ ನಸುಕಿನಲ್ಲಿ ಕತ್ತಿ ಮತ್ತೆ ಟಕಟಕ ಎಂದಿತು. "ಆ ಸದ್ದು ಕೇಳಿದ್ಮೇಲೇ ನಂಗೆ ಜೀವ ಬಂದಿದ್ದು. ಬಟ್ಟೆ ಗಂಟು ನಾನೇ ಬಿಚ್ಚಿದೆ" ಎನ್ನುತ್ತಾರೆ ಫಾನ್. ನಿಜ ಹೇಳಬೇಕೆಂದರೆ, ಓಣಿಯವರೆಲ್ಲ ಅಂದೇ ನಿರಾಳವಾಗಿ ಉಸಿರಾಡಿದೆವು.

ಗಡಿಗೆ ಈಗ ಯಾರ ಮನೆಯಲ್ಲಿದೆ? ಸುಚಿನ್ ಕಪಾಟಿನತ್ತ ಕೈ ತೋರುತ್ತಾರೆ. ಗಡಿಗೆಯ ತುಂಬ ಯಾನ್‌ಲಿಂಗ್ ತಂದ ಕಿತ್ತಳೆಯ ಒಣಸಿಪ್ಪೆ.

"ಆಮೇಲೆ ಯಾರೂ ಗಡಿಗೆ ಕೇಳ್ಕೊಂಡು ಬಂದಿಲ್ಲ ಕಣಪ್ಪ. ಆ ಸಿಪ್ಪೆ ತೆಗೆದು ಗಡಿಗೆ ಕೊಡೋ ಕೆಲಸ ನಂಗೆ ಬರದೇ ಇರ್ಲಿ."