ಡೆಸ್ ಟ್ರಿಲೋರ್‌ನ ಬಲಗೈ

ಮೂಂಟಾ ಎಂಬ ಸಣ್ಣ ಊರಿನ ಡೆಸ್ ಟ್ರಿಲೋರ್ ಪೂರ್ತಿ ವೇಗದ ಬೌಲರೂ ಅಲ್ಲ, ಮಧ್ಯಮ ವೇಗದವನೂ ಅಲ್ಲ, ಎರಡರ ನಡುವಿನವನು. ನಡುವಿನವರಿಗೆ ಸಿಟ್ಟು ಜಾಸ್ತಿ. ವಾರವಿಡೀ ಕಸಾಯಿಖಾನೆಯಲ್ಲಿ ಕುರಿ ಕಡಿದು, ಶನಿವಾರ ಅಕ್ಕಪಕ್ಕದ ಊರಿನವರ ಪಕ್ಕೆಲುಬು ಮುರಿಯುತ್ತಿದ್ದ. ಕೂದಲು ಉದುರತೊಡಗಿದ ಮೇಲೆ ಅಡಿಲೇಡಿನಿಂದ ರಾಜ್ಯ ತಂಡದ ಕರೆ ಬಂತು. ಮೊದಲ ಪಂದ್ಯದಲ್ಲಿ ಮಿಂಚಿದರೆ ಮುಂದಿನದಕ್ಕೆ ಪರ್ತ್‌ಗೆ ಕರೆದೊಯ್ಯುತ್ತಾರೆ.

ದೊಡ್ಡ ಆಟದ ಬೌಲರುಗಳಲ್ಲಿ ಒಂದು ಒಳ ಒಪ್ಪಂದವಿತ್ತು: ಒಬ್ಬರ ತಲೆಗೆ ಇನ್ನೊಬ್ಬರು ಎಸೆಯಬಾರದು. ಅದು ಮೂಂಟಾಕ್ಕೆ ತಲುಪಿರಲಿಲ್ಲ. ಎದುರಾಳಿಗಳ ವೇಗಿ ಲ್ಯಾಫರ್ಟಿ ಕೊನೆಯವನಾಗಿ ಬ್ಯಾಟ್ ಹಿಡಿದು ಬಂದ. ಡೆಸ್ ಎಸೆದ ಚೆಂಡು ದವಡೆಗೆ ಬಡಿದು ಹಲ್ಲು ನೆಲಕ್ಕುದುರಿತು.

"ಎತ್ಕೊಂಡ್ಹೋಗಪ್ಪಾ, ಪಿಚ್ ಗಲೀಜಾಗುತ್ತೆ!" ಎಂದ ಡೆಸ್.

ಲ್ಯಾಫರ್ಟಿ ರಕ್ತ ಉಗಿದ. "ನೀನೂ ಬ್ಯಾಟ್ ಹಿಡ್ಕೊಂಡು ಬರ್ತೀಯಲ್ಲ, ಮಗನೇ."

ಮರುದಿನ ಡೆಸ್ ಬಂದ. ಲ್ಯಾಫರ್ಟಿಯ ಮೊದಲ ಚೆಂಡು ಎದೆಗೆ. ಎರಡನೆಯದು ಮುಖಕ್ಕೇ ಬಂತು. ಬಲಗೈ ಅಡ್ಡ ಹಿಡಿದ. ಒಣಕಡ್ಡಿ ಮುರಿದಂಥ ಸದ್ದು. ಪೆಟ್ಟು ಬಿದ್ದ ಜಾಗ ಉಜ್ಜಿಕೊಂಡರೆ ಆ ನಾಡಿನಲ್ಲಿ ಗಂಡಸಿನ ಮಾನ ಹೋದಂತೆ.

"ಉಜ್ಕೋ ಚಿನ್ನಾ, ಅಮ್ಮನ್ನ ಕರೀಲಾ?" ಎಂದ ಸ್ಲಿಪ್‌ನಲ್ಲಿ ನಿಂತವನೊಬ್ಬ.

ಡೆಸ್ ಹಲ್ಲು ಕಿರಿದ. ಉಜ್ಜಲಿಲ್ಲ, ಯಾರಿಗೂ ಹೇಳಲೂ ಇಲ್ಲ. ನಾಯಕ ಪ್ರಿಂಗಲ್‌ಗೆ ಗೊತ್ತಾದರೆ ಡಾಕ್ಟರು ಬರುತ್ತಾರೆ, ಪರ್ತ್ ಕೈತಪ್ಪುತ್ತದೆ.

ಎರಡನೇ ಇನಿಂಗ್ಸ್‌ನಲ್ಲಿ ಅದೇ ಕೈಯಲ್ಲಿ ಬೌಲಿಂಗಿಗಿಳಿದ. ಬೆರಳು ಮಡಚದೆ ಜಾರಿದ ಚೆಂಡು ನೆಲ ಮುಟ್ಟದೆ ಒಬ್ಬನ ಕೊರಳೆಲುಬು ಪುಡಿ ಮಾಡಿತು. ಇನ್ನೊಂದು ಮತ್ತೊಬ್ಬನ ಕಿವಿ ಹರಿದುಹಾಕಿತು. ಅಂಪೈರು ಗದರಿದ. ಉಳಿದವರು ವಿಕೆಟ್ ಬಿಟ್ಟು ಹಿಂದೆ ಸರಿದು ಬೌಲ್ಡ್ ಆದರು. ನೋವಿಗೆ ಡೆಸ್‌ಗೆ ಉಕ್ಕಿದ ಕಣ್ಣೀರನ್ನು ಎಲ್ಲರೂ ರೋಷವೆಂದು ತಿಳಿದರು.

"ಕೊಲ್ಲು ಡೆಸ್ಸಿ! ಎಲ್ಲಿ ಬಚ್ಚಿಟ್ಟಿದ್ಯೋ ಇಷ್ಟು ದ್ವೇಷಾನ?" ಪ್ರಿಂಗಲ್ ಕುಣಿದ.

"ಕಸಾಯಿಖಾನೇಲಿ," ಎಂದ ಡೆಸ್, ಕೈ ಜೇಬಿನೊಳಗಿಟ್ಟುಕೊಂಡು.

ಪಂದ್ಯ ಗೆದ್ದಾಯಿತು. ಪರ್ತ್‌ಗೆ ಹೋಗುವವರ ಹೆಸರು ಓದಿದಾಗ ಟ್ರಿಲೋರ್ ಇದ್ದ.

ಆಟ ಮುಗಿದ ಮೇಲೆ ಸೋತವರು ಗೆದ್ದವರ ಕೋಣೆಗೆ ಬಂದು ಬಿಯರ್ ಕುಡಿಯುವುದು ಪದ್ಧತಿ. ದವಡೆ ಊದಿದ ಲ್ಯಾಫರ್ಟಿ ಬಂದ, ಬಲಗೈ ಚಾಚಿದ. ಕೋಣೆಯೇ ನೋಡುತ್ತಿತ್ತು. ಕೈ ಕೊಡದಿದ್ದರೆ ಹಗೆ ಉಳಿಸಿಕೊಂಡ ನೀಚನಾಗುತ್ತಾನೆ. ಡೆಸ್ ಕೊಟ್ಟ. ಲ್ಯಾಫರ್ಟಿ ಪ್ರೀತಿಯಿಂದಲೇ, ಒದ್ದೆ ಬಟ್ಟೆ ಹಿಂಡುವಂತೆ ಹಿಂಡಿದ.

ಡೆಸ್ ಅರಚಿದ ರಭಸಕ್ಕೆ ಬಾಟಲಿಗಳು ಉರುಳಿದವು. ಬದನೆಕಾಯಿ ಬಣ್ಣಕ್ಕೆ ತಿರುಗಿದ ಕೈಯನ್ನು ಪ್ರಿಂಗಲ್ ನೋಡಿದ; ಬೇರೊಬ್ಬನನ್ನು ಕರೆದು ಪರ್ತ್‌ಗೆ ಗಂಟು ಕಟ್ಟಲು ಹೇಳಿದ.

ಲ್ಯಾಫರ್ಟಿಯ ಮುಖ ಪೆಚ್ಚಾಯಿತು. "ಅಯ್ಯೋ ಮಾರಾಯಾ, ಎಡಗೈ ಚಾಚಿದ್ರೆ ಎಡಗೈನೇ ಹಿಡೀತಿದ್ನಲ್ಲೋ!"