ರಾಣಿಯ ಹದಿಮೂರು ನುಡಿ

ಹುಲಿಕುಂಟೆಯ ಶಾಲೆಗೆ ಮೇಷ್ಟ್ರಾಗಿ ಹೋದಾಗ ನನಗೆ ಇಪ್ಪತ್ತಾರು ವರ್ಷ. ಮೈಸೂರಿನಲ್ಲಿ ಓದುವಾಗ ಕಂಪನಿ ನಾಟಕಗಳ ಹುಚ್ಚು ಹಿಡಿಸಿಕೊಂಡವನು ನಾನು. ಬಣ್ಣದ ಪರದೆ, ಹಾರ್ಮೋನಿಯಂ, ಮೂರೇ ಗಂಟೆಯಲ್ಲಿ ಮುಗಿಯುವ ಕಥೆ. ಆಟವೆಂದರೆ ಹಾಗಿರಬೇಕೆಂದು ನಂಬಿದ್ದೆ.

ಆ ಸೀಮೆಯಲ್ಲಿ ತಲೆಮಾರುಗಳಿಂದ ಒಂದು ಬಯಲಾಟ ಆಡುತ್ತಿದ್ದರು. ಇರುಳಿಡೀ ಹಾಡು, ಕುಣಿತ, ಮುಖವೀಣೆ. ಸಂಶಯಕ್ಕೆ ಬಿದ್ದ ರಾಜ ರಾಣಿಯನ್ನು ಅರಮನೆಯಿಂದ ಹೊರದೂಡುತ್ತಾನೆ. ಮಗು ಒಳಗೇ ಉಳಿಯುತ್ತದೆ. ಕೊನೆಗೆ ರಾಣಿ ಮುಚ್ಚಿದ ಬಾಗಿಲ ಮುಂದೆ ನಿಂತು ಮಗುವನ್ನು ಕರೆದು ಅಳುತ್ತಾಳೆ. ಆ ಅಳುವ ಪದಕ್ಕೆ ಹದಿಮೂರು ನುಡಿ, ಎಂದರೆ ಹದಿಮೂರು ಚರಣ.

ರಾಣಿಯ ವೇಷ ಕಟ್ಟುತ್ತಿದ್ದವನು ಐವತ್ತು ದಾಟಿದ ಒಬ್ಬ ರೈತ. ಓದು ಬರಹ ಬಾರದು. ಬೇರೆ ಪದಗಳಿಗೆಲ್ಲ ಮೇಳದ ಭಾಗವತರು ದನಿಗೂಡಿಸುತ್ತಿದ್ದರು. ಇದೊಂದನ್ನು ಮಾತ್ರ ರಾಣಿ ಒಬ್ಬಳೇ ಹಾಡಬೇಕು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಆತನಿಗೆ ಬಾಯಿಂದ ಬಾಯಿಗೆ ಬಂದ ಪದ ಅದು; ಬೇರೆ ಯಾರಿಗೂ ಪೂರ್ತಿ ಬರುತ್ತಿರಲಿಲ್ಲ.

ಮಧುಗಿರಿಗೆ ಜಿಲ್ಲೆಯ ಸಾಹೇಬರು ಬರುವವರಿದ್ದರು. ಅವರ ಮುಂದೆ ಈ ಆಟವನ್ನು ಹೊಸ ರೀತಿಯಲ್ಲಿ ಆಡಿಸಲಾದೀತೇ ಎಂದು ಅಮಲ್ದಾರರು ಕೇಳಿದಾಗ ನಾನು ಹಿಗ್ಗಿಹೋದೆ. ಸಂಜೆ ಆರಕ್ಕೆ ಶುರು, ಒಂಬತ್ತಕ್ಕೆ ಮಂಗಳ ಎಂದು ಒಪ್ಪಿಕೊಂಡುಬಂದೆ. ಮುಖವೀಣೆಯನ್ನು ತೆಗೆದೆ, ಹಾರ್ಮೋನಿಯಂ ತರಿಸಿದೆ. ರಾಣಿಯ ಅಳುವ ಪದವನ್ನು ಎರಡೇ ನುಡಿಗೆ ಇಳಿಸಿದೆ. ರಾಣಿಯ ಪಾತ್ರಕ್ಕೆ ಸಿರಾದಿಂದ ಒಬ್ಬ ಗುಮಾಸ್ತನನ್ನು ಕರೆತಂದೆ. ಮೀಸೆ ಇಲ್ಲದ ಚೆಲುವ ಮುಖ, ಇಂಪಾದ ಕಂಠ.

ಇದನ್ನು ತಿಳಿಸಿದ ದಿನ ಆ ಮುದುಕ ರೈತ ಶಾಲೆಯ ಜಗಲಿಗೆ ಬಂದು ಕೂತ.

"ಮೇಷ್ಟ್ರೇ, ನನ್ ಮಕ ಸುಕ್ಕಾಗೈತೆ, ಒಪ್ಕಂತೀನಿ. ವೇಸ ಯಾರಾನ ಹಾಕ್ಲಿ. ಆದ್ರೆ ಆ ಪದಾನ ಎಲ್ಡು ನುಡೀಗೆ ಕಡೀಬ್ಯಾಡಿ. ಬಾಗ್ಲು ಮುಂದೆ ಬಂದು ನಿಂತೋಳು ಅಷ್ಟು ಬೇಗ ಹೆಂಗೆ ಸೋಲ್ತಾಳೆ?"

"ಸಾಹೇಬರು ಅಷ್ಟು ಹೊತ್ತು ಕೂರಲ್ಲ ಕಣಪ್ಪ."

"ಹೋಗ್ಲಿ, ಹದಿಮೂರೂ ಬರ್ಕಂಬುಡಿ. ನಾನು ಹೇಳ್ತೀನಿ."

"ಆಟ ಮುಗೀಲಿ, ನಿಧಾನವಾಗಿ ಬರ್ಕೊಳ್ಳೋಣ" ಎಂದೆ.

ನನಗೆ ಬೇಕಾದ ಎರಡು ನುಡಿಗಳನ್ನಷ್ಟೇ ಬರೆದುಕೊಂಡೆ. ಆಮೇಲೆ ಹದಿನೈದು ದಿನ ಆತನೇ ಗುಮಾಸ್ತನಿಗೆ ಹೆಜ್ಜೆ ಕಲಿಸಿದ. ಸೆರಗು ಹಿಡಿಯುವುದು, ಹಣೆಯನ್ನು ಬಾಗಿಲಿಗೆ ಆನಿಸುವುದು, ಎಲ್ಲವನ್ನೂ. ಒಮ್ಮೆ ಗುಮಾಸ್ತ ಆತನ ಹೆಣ್ಣುನಡಿಗೆ ನೋಡಿ ನಕ್ಕುಬಿಟ್ಟ. ಮುದುಕ ಮತ್ತೆ ಮೊದಲಿನಿಂದ ನಡೆದು ತೋರಿಸಿದ.

ಬೆಟ್ಟದ ಕೆಳಗಿನ ಮೈದಾನದಲ್ಲಿ ಆಟ ನಡೆಯಿತು. ಕೊರಟಗೆರೆ ಕಡೆಯಿಂದೆಲ್ಲ ಜನ ಗಾಡಿ ಕಟ್ಟಿಕೊಂಡು ಬಂದಿದ್ದರು. ಗುಮಾಸ್ತ ಸೊಗಸಾಗಿ ಹಾಡಿದ. ಸಾಹೇಬರು ಚಪ್ಪಾಳೆ ತಟ್ಟಿದರು. ನನಗೂ ಒಂದು ಹಾರ ಬಿತ್ತು. ಆದರೆ ಹಿಂದೆ ನೆಲದ ಮೇಲೆ ಕೂತಿದ್ದವರು ಏಳಲೇ ಇಲ್ಲ. ರಾಣಿ ಇನ್ನೂ ಅಳುತ್ತಾಳೆಂದು ಕಾಯುತ್ತಿದ್ದರು. "ಮುಗೀತು, ಏಳ್ರಪ್ಪ" ಎಂದು ಜವಾನ ಹೋಗಿ ಹೇಳಬೇಕಾಯಿತು.

ಬಣ್ಣದ ಕೋಣೆಯಲ್ಲಿ ಮುದುಕ ರಾಣಿಯ ಸೀರೆ ಮಡಿಸುತ್ತಿದ್ದ. ಹೆಂಗಿತ್ತು ಎಂದು ಕೇಳಿದೆ.

"ಹುಡ್ಗ ಚೆನ್ನಾಗಿ ಹಾಡ್ದ. ಆದ್ರೆ ಅವ್ಳು ಸೋತ್ಲು ಅಂತ ಜನಕ್ಕೆ ಗೊತ್ತೇ ಆಗ್ಲಿಲ್ಲ, ನೋಡಿ."

ಹಾರ ಹಾಕಿಸಿಕೊಂಡಿದ್ದ ನನಗೆ ಆ ಮಾತು ರುಚಿಸಲಿಲ್ಲ.

ಆಮೇಲೆ ಆತ ಪದ ಬರೆಸಲೆಂದು ಎರಡು ಸಲ ಶಾಲೆಗೆ ಬಂದ. ಒಮ್ಮೆ ನಾನು ಪರೀಕ್ಷೆಯ ಕಾಗದ ತಿದ್ದುತ್ತಿದ್ದೆ. ಇನ್ನೊಮ್ಮೆ ಪಾವಗಡಕ್ಕೆ ಮದುವೆಗೆ ಹೊರಟಿದ್ದೆ. ಎರಡು ಸಲವೂ "ಬರೋ ವಾರ ಬಾ" ಎಂದೆ. ಆ ವಾರ ಬರುವ ಮೊದಲೇ ಊರಲ್ಲಿ ಇಲಿ ಬಿದ್ದವು. ಪ್ಲೇಗಿಗೆ ಹೆದರಿ ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು, ಶಾಲೆ ಮುಚ್ಚಿತು, ನಾನು ನನ್ನ ಊರಿಗೆ ಹೋದೆ. ಮೂರು ತಿಂಗಳ ಮೇಲೆ ಹಿಂತಿರುಗಿದಾಗ ಆತ ಗುಡಿಸಲಲ್ಲೇ ತೀರಿಕೊಂಡಿದ್ದ ಸುದ್ದಿ ಸಿಕ್ಕಿತು.

ಯುಗಾದಿ ಕಳೆದ ಮೇಲೆ ಭಾಗವತರು ಬಂದರು. "ಆಟ ಪೂರ್ತಿ ಆಡ್ಬೇಕು ಅಂತವ್ರೆ ಊರೋರು. ರಾಣಿ ಪದ ನಿಮ್ ಪುಸ್ತಕದಾಗೆ ಐತಲ್ಲ, ಕೊಡಿ."

ಪುಸ್ತಕ ಕೊಟ್ಟೆ. ಅವರು ಎರಡು ನುಡಿ ಓದಿ ಹಾಳೆ ತಿರುಗಿಸಿದರು. ಆಚೆ ಬದಿ ಖಾಲಿ. ಇನ್ನೊಂದು ಹಾಳೆ ತಿರುಗಿಸಿದರು.

"ಮಿಕ್ಕಿದ್ದು?"

ಬರೆದುಕೊಳ್ಳಲಿಲ್ಲ ಎಂದೆ. ಅವರು ಬೈಯಲಿಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟು ಎದ್ದು ಹೋದರು.

ಮಾರನೆಯ ದಿನ ಮುದುಕನ ಹೆಂಡತಿಯ ಬಳಿಗೆ ಹೋದೆ. ಆಕೆ ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು.

"ನಂಗೆಲ್ಲಿ ಬತ್ತದೆ ಸ್ವಾಮಿ? ಹೊಲ ಉಳೋವಾಗ ಹಾಡೋರು. ನಾನು ಬುತ್ತಿ ಇಟ್ಬುಟ್ಟು ಬಂದ್ಬುಡ್ತಿದ್ದೆ." ಮೊರ ಆಡಿಸುತ್ತಲೇ ನೆನಪು ಮಾಡಿಕೊಂಡು ಒಂದೇ ಸಾಲು ಹೇಳಿದರು: "ಬೆಳಗಾತು ಕಂದ, ಬಾಗ್ಲು ತೆಗೆಯೋರ್ಯಾರು." ಅದು ನನ್ನ ಎರಡು ನುಡಿಗಳಲ್ಲಿ ಇರಲಿಲ್ಲ. ಆಮೇಲೆ ಮೊರ ಕೆಳಗಿಟ್ಟು ಕೇಳಿದರು: "ಮದ್ಗಿರೀಲಿ ಅವತ್ತು ಏನಾತು ಸ್ವಾಮಿ? ಅಲ್ಲಿಂದ ಬಂದ್ಮೇಲೆ ನಮ್ಮೋರು ಮೂರ್ ದಿನ ಮಾತೇ ಆಡ್ಲಿಲ್ಲ."

ಏನೂ ಆಗಲಿಲ್ಲ, ಆಟ ಚೆನ್ನಾಗಿ ಆಯಿತು ಎಂದೆ. ಸುಳ್ಳೆಂದು ಆಕೆಗೆ ತಿಳಿದಿರಬೇಕು. ಮತ್ತೆ ಮೊರ ಕೈಗೆತ್ತಿಕೊಂಡರು.

ಉಳಿದ ನುಡಿಗಳನ್ನು ನಾನೇ ಕಟ್ಟಲು ಕೂತೆ. ಪ್ರಾಸ ಸರಿಹೋಯಿತು, ಅಳು ಬರಲಿಲ್ಲ, ಹರಿದು ಹಾಕಿದೆ. ಆ ವರ್ಷ ಮೇಳದವರು ಎರಡೇ ನುಡಿ ಹಾಡಿಸಿ ಆಟ ಮುಗಿಸಿದರು. ಮುಂದಿನ ವರ್ಷ ಬೇರೆ ಕಥೆ ಆರಿಸಿಕೊಂಡರು. ಅದನ್ನು ಕಲಿಸಿಕೊಡಲು ನನ್ನನ್ನು ಯಾರೂ ಕರೆಯಲಿಲ್ಲ, ನಾನೂ ಹೋಗಲಿಲ್ಲ.