ಪಟಪಟಿಯೂ ನನ್ನ ಎರಡು ಕಿವಿಗಳೂ

ಅದು ನಡೆದದ್ದು ತಾವರೆಕೆರೆಯ ಶಾಲೆಯಲ್ಲಿ ಎಂದು ನನ್ನ ನೆನಪು. ಪಟ್ಟನಾಯಕನಹಳ್ಳಿಯಲ್ಲಿ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಅಲ್ಲಿರಲಿಲ್ಲ, ಆದರೆ ಅಂದು ಸಂಜೆ ನಾನು ಮನೆಗೆ ಬಂದು ಹೇಳಿದ್ದನ್ನು ಕೇಳಿದವಳು ಅವಳೇ. ಕಂಡವನ ಸಾಕ್ಷಿ ಗಟ್ಟಿಯೋ, ಆ ದಿನವೇ ಕೇಳಿ ನೆನಪಿಟ್ಟುಕೊಂಡವಳ ಸಾಕ್ಷಿ ಗಟ್ಟಿಯೋ? ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ ಬಿ.ಎ. ಮಾಡಿದ ಮೇಲೂ ನನಗೆ ಇದನ್ನು ತೀರ್ಮಾನಿಸಲು ಆಗಿಲ್ಲ. ಸಿರಾ ತಾಲ್ಲೂಕು ಎಂಬುದರಲ್ಲಂತೂ ಇಬ್ಬರಿಗೂ ಒಪ್ಪಿಗೆಯಿದೆ.

ಆಗ ನಾನು ಮಧುಗಿರಿಯಲ್ಲಿ ಮನೆ ಮಾಡಿಕೊಂಡು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಶಾಲೆಗಳನ್ನು ತನಿಖೆ ಮಾಡುವ ಇನ್ಸ್‌ಪೆಕ್ಟರಾಗಿದ್ದೆ. ನನಗಿಂತ ಹಿಂದೆ ಇದ್ದವರು ಎತ್ತಿನ ಗಾಡಿಯಲ್ಲಿ ಹಾಸಿಗೆ ಸಮೇತ ಹೋಗುತ್ತಿದ್ದರು. ಒಂದು ಕಡೆ ಕೂರಲಾಗದ ಸ್ವಭಾವ ನನ್ನದು. ಬೆಂಗಳೂರಿನಿಂದ ವರ್ಗವಾಗಿ ಹೋಗುತ್ತಿದ್ದ ಎಂಜಿನಿಯರೊಬ್ಬರಿಂದ ಹಳೆಯ ಮೋಟಾರ್ ಸೈಕಲ್ಲೊಂದನ್ನು ಕೊಂಡುಕೊಂಡೆ. ಹಳ್ಳಿಗಳಲ್ಲಿ ಅದಕ್ಕೆ ಪಟಪಟಿ ಎಂದು ಹೆಸರಾಯಿತು. ಅದರ ಹೊಗೆಕೊಳವೆಯ ಸದ್ದು ಅಡಗಿಸುವ ಡಬ್ಬಿ ಎಂದೋ ತುಕ್ಕು ಹಿಡಿದು ಹೋಗಿತ್ತು. ನಾನು ಬರುವುದು ಊರಿಗೆ ಮೊದಲೇ ತಿಳಿಯುತ್ತಿದ್ದರಿಂದ ಯಾವ ಶಾಲೆಗೂ ನಾನು ಅನಿರೀಕ್ಷಿತ ಭೇಟಿ ಕೊಟ್ಟದ್ದೇ ಇಲ್ಲ.

ಆ ದಿನ ಮೂರನೇ ತರಗತಿಯ ಹುಡುಗಿಯೊಬ್ಬಳು ಪಾಠ ಓದುತ್ತಿದ್ದಳು. ಬಾಯಿ ಆಡುವುದು ಕಾಣುತ್ತಿತ್ತು, ಮಾತು ಮಾತ್ರ ಅರ್ಧಂಬರ್ಧ ಕೇಳುತ್ತಿತ್ತು. ಅದರ ಮೇಲೆ ಒಂದೇ ಸಮನೆ ಜೀರ್ ಎನ್ನುವ ಸದ್ದು.

“ಮೇಷ್ಟ್ರೇ, ಸೂರಿನಲ್ಲಿ ಜೀರುಂಡೆ ಸೇರಿಕೊಂಡಿದೆಯೇನು?” ಎಂದೆ.

ಮೇಷ್ಟರು ತಲೆಯೆತ್ತಿ ಸೂರು ನೋಡಿದರು. “ಹೌದು ಸ್ವಾಮಿ, ಬೋ ದಿವ್ಸದಿಂದ ಅದೆ” ಎಂದರು.

ಕೋಲು ತಂದರು. ತಾವೇ ಬೆಂಚು ಹತ್ತಿ ಹೆಂಚಿನ ಸಂದಿಗೆ ತಿವಿದರು. ಮಣ್ಣು ಉದುರಿತು.

“ಈಗ ನಿಂತ್ತಾ ಸ್ವಾಮಿ?”

“ಇಲ್ಲ.”

ಇನ್ನೊಂದು ಕಡೆ ತಿವಿದರು. ಒಂದು ಹೆಂಚು ಜಾರಿ ಬಿಸಿಲು ಒಳಗೆ ಬಿತ್ತು. “ಈಗ?”

ನಾನು ಎದ್ದು ಹೊರಗೆ ಹುಣಿಸೆ ಮರದ ಕೆಳಗೆ ಹೋಗಿ ನಿಂತೆ. ಜೀರುಂಡೆ ನನ್ನ ಜೊತೆಗೇ ಬಂದಿತ್ತು. ಒಳಗೆ ಬಂದು, “ನಿಂತಿತು” ಎಂದೆ. ಮೇಷ್ಟರು ಬೆಂಚಿನಿಂದ ಇಳಿದು ಬೆವರು ಒರೆಸಿಕೊಂಡು, “ಬೋ ಹಟಮಾರಿ ಸ್ವಾಮಿ ಅದು” ಎಂದರು. ಇನ್ಸ್‌ಪೆಕ್ಟರಿಗೆ ಕೇಳಿಸಿದ್ದು ತಮಗೆ ಕೇಳಿಸಲಿಲ್ಲ ಎನ್ನಲು ಆ ಕಾಲದ ಮೇಷ್ಟರುಗಳಿಗೆ ಬಾಯಿ ಬರುತ್ತಿರಲಿಲ್ಲ.

ಮನೆಯಲ್ಲಿ ಇದನ್ನು ತಮಾಷೆಯಾಗಿಯೇ ಹೇಳಿದೆ. ಹೆಂಡತಿ ನಗಲಿಲ್ಲ. ನನ್ನ ತಂದೆಗೆ ಕೊನೆಗಾಲದಲ್ಲಿ ಕಿವಿ ಪೂರ್ತಿ ಹೋಗಿತ್ತು. ಅವರಿಗೆ ಊಟ ಬಡಿಸಿ, ಔಷಧಿ ಕೊಟ್ಟು, ಹೇಳಿದ್ದನ್ನೇ ಹತ್ತು ಸಲ ಕೂಗಿ ಹೇಳಿದವಳು ಅವಳು.

“ಮಾವನೋರಿಗೆ ಉಪ್ಪು ಸಾಕಾ ಅಂತ ನಾನು ಕೇಳಿದ್ರೆ ಬೀದಿ ಕೊನೆಯವರು ಸಾಕು ಅಂತಿದ್ರು. ಇನ್ನೊಂದು ಸಲ ಕೂಗಿಕೊಂಡು ಸಂಸಾರ ಮಾಡೋಕೆ ನನ್ನ ಕೈಲಿ ಆಗಲ್ಲ ರೀ. ಸಂಕ್ರಾಂತಿ ಹೊತ್ತಿಗೆ ಆ ಜೀರುಂಡೆ ಹೋಗ್ಬೇಕು. ಇಲ್ದಿದ್ರೆ ಪಟಪಟಿ ಹೋಗ್ಬೇಕು.”

ಆಗ ಮಳೆಗಾಲ ಮುಗಿಯುತ್ತಿತ್ತು. ಎತ್ತಿನ ಗಾಡಿಯಲ್ಲಿ ಕೂತು, ಮುಂದಿನ ಎತ್ತಿನ ಬಾಲ ನೋಡುತ್ತಾ ಪಾವಗಡಕ್ಕೆ ಹೋಗುವುದನ್ನು ನೆನೆದರೇ ನನಗೆ ಜೀವ ಬಾಡುತ್ತಿತ್ತು. ಹಾಗೆಂದು ಅವಳ ಮಾತು ಅನ್ಯಾಯದ್ದು ಎಂದೂ ಅನ್ನಿಸಲಿಲ್ಲ. ಮಕ್ಕಳು ಓದುವುದನ್ನು ಕೇಳಲಾಗದ ಇನ್ಸ್‌ಪೆಕ್ಟರು ಯಾವ ಉಪಯೋಗಕ್ಕೆ?

ಮಧುಗಿರಿಯ ಆಸ್ಪತ್ರೆಯ ಡಾಕ್ಟರು ನನ್ನ ಕಿವಿಗೆ ಬಿಸಿನೀರಿನ ಪಿಚಕಾರಿ ಹೊಡೆದು, ಬಗ್ಗಿ ನೋಡಿ, ಒಳಗೆ ಎಲ್ಲ ನೆಟ್ಟಗಿದೆ ಎಂದರು. ಗಂಟೆಗಟ್ಟಲೆ ಆ ಸದ್ದು, ಆ ಗಾಳಿ, ಕಿವಿ ದಣಿದಿದೆ. ಈಗ ವಿಶ್ರಾಂತಿ ಕೊಟ್ಟರೆ ಸುಧಾರಿಸಬಹುದು, ದಿನಾ ದಣಿಸಿದರೆ ಹೋದದ್ದು ವಾಪಸ್ಸು ಬರುವುದಿಲ್ಲ. “ಗಾಡಿ ಬಿಡಿ, ಇಲ್ಲವೇ ಕಿವಿ ಮುಚ್ಚಿ. ತೀರಾ ಒಳಕ್ಕೆ ತುರುಕಬೇಡಿ. ಒಳಗೆ ಹೋಗೋದು ಸುಲಭ, ಪೂರ್ತಿ ಹೊರಗೆ ಬರೋದನ್ನ ಹುಡುಕಿ” ಎಂದರು.

ಮೊದಲು ಬರಿಯ ಹತ್ತಿ. ಅದು ಗಾಳಿಗೆ ಹಾರಿಹೋಗದಂತೆ ಮೇಲೊಂದು ಮಫ್ಲರ್ ಸುತ್ತಿ, ಗದ್ದದ ಕೆಳಗೆ ಗಂಟು ಹಾಕಿಕೊಂಡೆ. ಕೊರಟಗೆರೆಯಲ್ಲಿ ಗಾಡಿ ನಿಲ್ಲಿಸಿದಾಗ ಕಡಲೆಕಾಯಿ ಮಾರುತ್ತಿದ್ದ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಯಾವಾಗ ಆಯ್ತಪ್ಪ ಹೆರಿಗೆ?”

ನನಗೆ ಅರ್ಥವಾಗಲಿಲ್ಲ.

“ಗಂಡೋ ಹೆಣ್ಣೋ? ಕಿವಿಗೆ ಹತ್ತಿ ಮಡಿಕ್ಕಂಡು, ತಲೆ ಕಟ್ಕಂಡು ಬಂದಿದ್ದೀಯಲ್ಲ. ಬಾಣಂತಿ ಹಿಂಗೆಲ್ಲ ಗಾಳೀಲಿ ತಿರುಗಬಾರ್ದು ಕಣಪ್ಪ. ಒಳ್ಗೆ ಮಲಿಕ್ಕೋ.”

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಕಡಲೆಕಾಯಿ ಕೊಂಡೆ. ಅವಮಾನಕ್ಕೆ ನಾನು ಹೆದರುತ್ತಿರಲಿಲ್ಲ. ಹತ್ತಿಯಿಂದ ಪ್ರಯೋಜನವಾಗಿದ್ದರೆ ಬಾಣಂತಿಯಾಗಿಯೇ ನಾಲ್ಕು ತಾಲ್ಲೂಕು ಸುತ್ತುತ್ತಿದ್ದೆ. ಆದರೆ ಬರಿಯ ಹತ್ತಿ ಗಾಳಿಯ ಚಳಿಯನ್ನು ತಡೆಯಿತೇ ಹೊರತು ಸದ್ದನ್ನು ತಡೆಯಲಿಲ್ಲ. ಸಂಜೆ ಜೀರುಂಡೆ ಎಂದಿನಂತೆ ಹಾಜರಾಯಿತು.

ಎಣ್ಣೆಯಲ್ಲಿ ನೆನೆದ ಹತ್ತಿ ಒತ್ತಾಗಿ ಕೂರುತ್ತದೆ ಎಂಬುದು ನನ್ನ ಮುಂದಿನ ಊಹೆ. ಸಿರಾದಲ್ಲಿ ಅತ್ತರು ಮಾರುವ ಸಾಹೇಬರೊಬ್ಬರಿದ್ದರು. ಕಿವಿಯ ಮೇಲಿನ ಮಡಿಕೆಯಲ್ಲಿ ಅತ್ತರಿನ ಹತ್ತಿ ಇಟ್ಟುಕೊಂಡೇ ಅವರು ಅಂಗಡಿಯಲ್ಲಿ ಕೂರುತ್ತಿದ್ದರು. ನನಗೂ ಎರಡು ಉಂಡೆ ಬೇಕೆಂದು ಕೇಳಿ, ಅಲ್ಲಿಯೇ ಒಂದನ್ನು ಕಿವಿಯೊಳಕ್ಕೆ ಒತ್ತಿಕೊಂಡೆ.

“ಅರೆ ಸಾಬ್, ಒಳಗೆ ಅಲ್ಲ, ಮೇಲೆ ಇಡೋದು. ಒಳಗೆ ಇಟ್ರೆ ಖುಷ್ಬೂ ಯಾರಿಗೆ?”

“ನನಗೆ ಖುಷ್ಬೂ ಬೇಡ ಸಾಹೇಬ್ರೇ, ಗಾಡಿ ಸದ್ದು ಕೇಳಬಾರದು, ಅಷ್ಟೇ.”

ಅವರು ನನ್ನನ್ನೂ ಹೊರಗೆ ನಿಂತಿದ್ದ ಪಟಪಟಿಯನ್ನೂ ನೋಡಿದರು. “ಸದ್ದು ಬೇಡ ಅಂದ್ರೆ ಗಾಡಿ ಬಿಟ್ಟುಬಿಡಿ. ನನ್ನ ಅತ್ತರ್ ಯಾಕೆ ಬರ್ಬಾದ್ ಮಾಡ್ತೀರಿ?” ಎನ್ನುತ್ತಲೇ, ಇದ್ದುದರಲ್ಲಿ ಅಗ್ಗದ ಲಾವಂಚದ ಎಣ್ಣೆಯಲ್ಲಿ ಇನ್ನೊಂದು ಉಂಡೆ ಅದ್ದಿ ಕೊಟ್ಟರು.

ಮನೆಯ ಹೊಸ್ತಿಲು ದಾಟುವ ಮೊದಲೇ ಹೆಂಡತಿ ಕೇಳಿದಳು: “ಯಾರ ಮದುವೆಗೆ ಹೋಗಿದ್ರಿ?”

“ಶಾಲೆ ತನಿಖೆಗೆ.”

“ಮೇಷ್ಟ್ರಿಗೆ ಮದುವೆಯಾ?”

ಸದ್ದೇನೋ ಸ್ವಲ್ಪ ತಗ್ಗಿತ್ತು. ಆದರೆ ಎಡಗಿವಿಯ ಉಂಡೆ ಹೊರಗೆ ಬರುವಾಗ ಅರ್ಧವೇ ಬಂತು. ಮಿಕ್ಕ ಅರ್ಧವನ್ನು ಮರುದಿನ ಡಾಕ್ಟರು ಚಿಮಟದಿಂದ ತೆಗೆದರು. ಮೂಗಿನ ಹತ್ತಿರ ಹಿಡಿದು ನೋಡಿ, “ಲಾವಂಚ” ಎಂದರು, ಅಷ್ಟೇ.

ಆಮೇಲೆ ಜೇನುಮೇಣ. ಚಪ್ಪಲಿ ಹೊಲಿಯುವವರು ದಾರಕ್ಕೆ ಸವರುವುದಕ್ಕೆ ಅದನ್ನು ಇಟ್ಟುಕೊಂಡಿರುತ್ತಾರೆ. ಅವರಲ್ಲೊಬ್ಬರಿಂದ ಒಂದು ತುಂಡು ತಂದೆ. ಬೆಳಗಿನ ಚಳಿಯಲ್ಲಿ ಅದು ಕಲ್ಲಿನಂತೆ ಚುಚ್ಚಿತು. ಮಿಡಿಗೇಶಿ ದಾಟಿ ಬಿಸಿಲೇರಿದಾಗ ಕರಗಿ ಕೂದಲಿಗೆಲ್ಲ ಮೆತ್ತಿಕೊಂಡಿತು. ಆದರೆ ಕಲ್ಲಾಗುವುದಕ್ಕೂ ಕರಗುವುದಕ್ಕೂ ನಡುವೆ, ಒಂದೆರಡು ಹರದಾರಿಯಷ್ಟು ದೂರ, ಎಂಥ ನಿಶ್ಶಬ್ದ! ಸರಿಯಾದದ್ದು ಇಲ್ಲೇ ಎಲ್ಲೋ ಇದೆ ಎಂದು ಅಂದೇ ಗೊತ್ತಾಯಿತು.

ಇದಾದ ಮೇಲಿನದು ನಮ್ಮ ಮನೆಯಲ್ಲಿ ಇಂದಿಗೂ ತೀರದ ವ್ಯಾಜ್ಯ. ಹೆಂಡತಿ ಜಗಲಿಯಲ್ಲಿ ಕೂತು ದೇವರ ದೀಪಕ್ಕೆ ಹೂಬತ್ತಿ ಮಾಡುತ್ತಿದ್ದಳು. ಹೂಬತ್ತಿಗೆ ಕೆಳಗೆ ಗುಂಡಗೆ ಹತ್ತಿಯ ಬುಡ, ಮೇಲೆ ಹೊಸೆದ ತೆಳ್ಳನೆಯ ತೊಟ್ಟು. ಅದನ್ನು ನೋಡಿ, ತೊಟ್ಟು ಹಿಡಿದು ಎಳೆದರೆ ಬುಡ ಪೂರ್ತಿ ಹೊರಗೆ ಬರುತ್ತದಲ್ಲ ಎಂದು ನನಗೆ ಹೊಳೆಯಿತು ಎಂದು ನಾನು ವರ್ಷಗಟ್ಟಲೆ ಗೆಳೆಯರಿಗೆ ಹೇಳಿದ್ದೇನೆ. ಹೆಂಡತಿಯ ಪ್ರಕಾರ ನಾನು ಕಂಬಕ್ಕೆ ಒರಗಿ, ಕೂದಲಿನ ಮೇಣ ಕೆರೆದುಕೊಳ್ಳುತ್ತಾ ಇದ್ದೆ. ಅವಳೇ ಒಂದು ಬತ್ತಿಯನ್ನು ನನ್ನ ಕಿವಿಗೆ ಹಿಡಿದು ಅಳತೆ ನೋಡಿದಳು. ಕಿವಿಯ ಹತ್ತಿರ ಅವಳ ಬೆರಳಿನ ಬಿಸಿ ನನಗೆ ಚೆನ್ನಾಗಿ ನೆನಪಿದೆ. ಹಾಗಾದರೆ ನನ್ನ ಕಥೆ ಸುಳ್ಳೇ ಇರಬೇಕು. ಅಥವಾ ಅವಳು ಹೇಳಿ ಹೇಳಿ ಆ ಬಿಸಿಯೂ ನನಗೆ ನೆನಪಾಗಿ ಬಂದಿರಬಹುದು.

ಮೇಣಕ್ಕೆ ಹರಳೆಣ್ಣೆ ಬೆರೆಸಿ ಕಾಯಿಸಿ ಮೆತ್ತಗೆ ಮಾಡಿದ್ದು ಮಾತ್ರ ನಾನೇ. ಅದಕ್ಕೆ ಹಾಳಾದ ಪಾತ್ರೆ ಸಾಕ್ಷಿ. ಬತ್ತಿಯ ಬುಡವನ್ನು ಅದರಲ್ಲಿ ಅದ್ದಿ, ತೊಟ್ಟನ್ನು ಒಣಗಾಗಿಯೇ ಬಿಟ್ಟು, ಆರಿದ ಮೇಲೆ ಬೆರಳಲ್ಲಿ ಉರುಟು ಮಾಡಿದೆವು. ನಮ್ಮ ಅತ್ತೆ ಕೊರಟಗೆರೆಯಿಂದ ಬಂದಿದ್ದಾಗ, ದೇವರ ಬತ್ತಿ ಕಿವಿಗಾ ಎಂದು ಮುಖ ಸಿಂಡರಿಸಿದರು. “ದೇವರ ಹತ್ತಿ ಬೇರೆ ಇಟ್ಟಿದ್ದೀನಿ ಕಣಮ್ಮ. ಇದು ಇವರ ಹತ್ತಿ” ಎಂದಳು ಮಗಳು.

ಅದು ಚಳಿಯಲ್ಲಿ ಚುಚ್ಚಲಿಲ್ಲ, ಬಿಸಿಲಲ್ಲಿ ಹರಿಯಲಿಲ್ಲ, ಎಳೆದರೆ ಇಡಿಯಾಗಿ ಬಂತು. ವಾರ ಕಳೆಯುವುದರೊಳಗೆ ಜೀರುಂಡೆ ಕ್ಷೀಣಿಸಿತು. ಇನ್ನೊಬ್ಬನಾಗಿದ್ದರೆ ಅಲ್ಲಿಗೆ ಸಂತೋಷಪಟ್ಟು ಸುಮ್ಮನಾಗುತ್ತಿದ್ದ. ನನಗೆ ಸಂಶಯ ಬಂತು. ಗುಣ ಬತ್ತಿಯದೋ, ಪಿಚಕಾರಿಯದೋ? ಆ ವಾರ ದೂರದ ಊರುಗಳಿಗೆ ಹೋಗಿರಲಿಲ್ಲ, ಅದರಿಂದಲೋ? ತಪ್ಪಾಗಿ ನಂಬಿಕೊಂಡು ಓಡಾಡಿದರೆ ಹೋಗುವುದು ನನ್ನ ಕಿವಿಯೇ. ಆದ್ದರಿಂದ ಪಾವಗಡದ ಕಡೆಯ ಸುತ್ತಿಗೆ ಹೊರಟ ದಿನ, ಊರು ದಾಟಿದ ಮೇಲೆ ಬಲಗಿವಿಯ ಬತ್ತಿಯನ್ನು ತೆಗೆದು ಜೇಬಿಗೆ ಹಾಕಿಕೊಂಡೆ.

ಆ ಪ್ರಯಾಣದಂಥ ವಿಚಿತ್ರ ಪ್ರಯಾಣವನ್ನು ಮತ್ತೆ ನಾನು ಮಾಡಲಿಲ್ಲ. ಬಲಕ್ಕೆ ಸಂತೆ, ಎಡಕ್ಕೆ ಏಕಾಂತ. ನಡುವೆ ಸ್ವಲ್ಪ ದೂರ ರಸ್ತೆ ಮದ್ರಾಸು ಸೀಮೆಯಲ್ಲಿ ಹಾಯುತ್ತದೆ. ಅಲ್ಲಿ ಎಡಗಡೆಯಿಂದ ಬಂದ ಗಾಡಿಯವನೊಬ್ಬ ಎಷ್ಟು ಹೊತ್ತು ಕೂಗಿದ್ದನೋ, ಎತ್ತಿನ ಮೂತಿ ನನ್ನ ಮೊಣಕಾಲಿನ ಹತ್ತಿರ ಬಂದಾಗಲೇ ನೋಡಿದೆ. “ಏಂ ಸಾಮೀ, ಇನಪಡಲೇದಾ? ಕಿವಿ ಮನೇಲಿ ಬಿಟ್ಟು ಬಂದ್ರಾ?” ಎಂದ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ. ಕಿವಿ ಮುಚ್ಚಿದವನು ಕಣ್ಣನ್ನು ಎರಡರಷ್ಟು ತೆರೆದಿರಬೇಕು ಎಂಬುದನ್ನು ಅವನ ಎತ್ತಿನಿಂದ ಕಲಿತೆ.

ವೈ.ಎನ್.ಹೊಸಕೋಟೆಯಲ್ಲಿ ಮೇಷ್ಟರ ಮನೆಯ ಜಗಲಿಯಲ್ಲಿ ಇಳಿದುಕೊಂಡೆ. ಸಂಜೆ ಅಂಗಳದಲ್ಲಿ ಹೆಂಗಸರು ಗಾಣಕ್ಕೆಂದು ಕಡಲೆಕಾಯಿ ಸುಲಿಯುತ್ತಿದ್ದರು. ಎಡಗಿವಿಯ ಬತ್ತಿಯನ್ನೂ ತೆಗೆದು, ಆ ಕಿವಿಯನ್ನು ಅತ್ತ ತಿರುಗಿಸಿ ಕೂತೆ: ಸಿಪ್ಪೆ ಒಡೆಯುವ ಪಟ್ ಪಟ್, ಬೀಜ ಮೊರಕ್ಕೆ ಬೀಳುವುದು, ಅವರು ಪಿಸುಗುಟ್ಟಿ ನನ್ನ ಟೋಪಿಯ ಬಗ್ಗೆ ಆಡಿಕೊಳ್ಳುತ್ತಿದ್ದುದು, ಎಲ್ಲವೂ ಕೇಳಿತು. ಬಲಗಿವಿಯನ್ನು ತಿರುಗಿಸಿದೆ: ಜೀರ್ ಎಂಬುದರ ಹಿಂದೆ ಎಲ್ಲೋ ದೂರದ ಗದ್ದಲ. ಮತ್ತೆ ಎಡ, ಮತ್ತೆ ಬಲ. ಹೆಂಗಸರು ನನಗೆ ಕತ್ತು ಉಳುಕಿದೆ ಎಂದು ತೀರ್ಮಾನಿಸಿ ಮೇಷ್ಟರ ಕೈಯಲ್ಲಿ ಬಿಸಿ ಎಣ್ಣೆ ಕಳಿಸಿದರು. ನಾನು ತುಂಬ ಸಂತೋಷದಿಂದ ಕತ್ತಿಗೆ ಎಣ್ಣೆ ತಿಕ್ಕಿಕೊಂಡೆ. ನನ್ನ ಜೀವನದಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾದ ಸಂಗತಿಗಳು ಕಡಿಮೆ, ಅವುಗಳಲ್ಲಿ ಇದೊಂದು.

ಮನೆಯಲ್ಲಿ ಮೆಚ್ಚುಗೆ ಸಿಗುತ್ತದೆಂದುಕೊಂಡಿದ್ದೆ. ಹೆಂಡತಿ ಕೇಳಿದ್ದು ಒಂದೇ: “ಬಲಗಿವಿ ಏನು ತಪ್ಪು ಮಾಡಿತ್ತು ರೀ?”

ಈಗ ನನ್ನ ಬಲಗಿವಿ ಸ್ವಲ್ಪ ಮಂದ. ಅದು ವಯಸ್ಸಿನಿಂದ ಎಂದು ನಾನು, ಹೊಸಕೋಟೆಯ ಸವಾರಿಯಿಂದ ಎಂದು ಅವಳು. ಅಂದಿನಿಂದ ಮಾತ್ರ ಎರಡಕ್ಕೂ ಬತ್ತಿ ಇಡದೆ ನಾನು ಗಾಡಿ ಹತ್ತಲಿಲ್ಲ. ಸಂಕ್ರಾಂತಿಗೆ ಮುಂಚೆ ತಾವರೆಕೆರೆಗೋ ಪಟ್ಟನಾಯಕನಹಳ್ಳಿಗೋ ಹೋದಾಗ ಮಕ್ಕಳು ಓದಿದ್ದರಲ್ಲಿ ಒಂದಕ್ಷರವೂ ತಪ್ಪದೆ ಕೇಳಿತು.

ಸಂಕ್ರಾಂತಿ ಬಂತು. ಎಳ್ಳು ಬೆಲ್ಲ ಕೈಗೆ ಕೊಡುವಾಗ ಹೆಂಡತಿ ಪಟಪಟಿ ಮಾರುವ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮಧ್ಯಾಹ್ನ ನೋಡಿದರೆ ಮೊರದಲ್ಲಿ ನನ್ನ ಬತ್ತಿಗಳ ಪಕ್ಕದಲ್ಲಿ ಇನ್ನೊಂದು ಜೊತೆ, ಬುಡ ಸಣ್ಣದು.

“ಇದು ಯಾರಿಗೆ?”

“ಕೊರಟಗೆರೆಗೆ ಅಮ್ಮನಿಗೆ ಎಳ್ಳು ಕೊಡೋಕೆ ಹೋಗ್ಬೇಕು. ಗಾಡಿ ಹಿಂದೆ ಕೂರೋಕೆ ಜಾಗ ಇದೆಯಲ್ಲ.”

“ಜನ ನೋಡ್ತಾರೆ ಕಣೆ.”

“ನೋಡ್ಲಿ. ಅವರು ಅಂದಿದ್ದು ನಮಗೇನು ಕೇಳಿಸುತ್ತಾ?”

ಮರುದಿನ ಬೆಳಿಗ್ಗೆ ಕ್ಯಾರಿಯರಿನ ಮೇಲೆ ದಿಂಬು ಕಟ್ಟಿ ಅವಳನ್ನು ಕೂರಿಸಿಕೊಂಡು ಹೊರಟೆ. ಇಬ್ಬರ ಕಿವಿಯಿಂದಲೂ ಬಿಳಿಯ ತೊಟ್ಟು ಹೊರಗೆ ಚಾಚಿತ್ತು. ಊರಿನ ಬೀದಿಯಲ್ಲಿ ಬಾಯಿಗಳು ಆಡುವುದು ಕಂಡಿತು, ಮಾತು ಕೇಳಲಿಲ್ಲ. ಕೆರೆಯ ಏರಿಯ ಮೇಲೆ ಗಾಳಿ ಜೋರಾಗಿತ್ತು. ಅವಳ ಕೈ ನನ್ನ ಭುಜದ ಮೇಲೆ ಬಂತು. ಆಗ ನಾನು ಏನೋ ಹೇಳಿದೆ. ಅವಳೂ ಏನೋ ಹೇಳಿದಂತೆ ಬೆನ್ನಿಗೆ ತಿಳಿಯಿತು.

ಕೊರಟಗೆರೆಯಲ್ಲಿ ಇಳಿದು ಬತ್ತಿ ತೆಗೆದುಕೊಂಡು, “ಏರಿ ಮೇಲೆ ಏನಂದೆ?” ಎಂದು ಕೇಳಿದೆ.

“ಏನೂ ಇಲ್ಲ. ನೀವೇನಂದ್ರಿ?”

“ಗಾಡಿ ಚೆನ್ನಾಗಿ ಓಡ್ತಾ ಇದೆ ಅಂದೆ.”

ನಾನು ಅಂದದ್ದು ಅದಲ್ಲ ಎಂಬುದು ಗೊತ್ತು. ಏನು ಎಂಬುದು ಈಗ ನೆನಪಿಲ್ಲ. ಅವಳು ಸೀರೆಯ ಧೂಳು ಕೊಡವಿ ತಾಯಿಯ ಮನೆಯೊಳಕ್ಕೆ ಹೋದಳು. ಊಟ ಮಾಡಿ, ಸ್ವಲ್ಪ ಹೊತ್ತು ಮಲಗಿ ಎದ್ದು, ಬಿಸಿಲು ಇಳಿದ ಮೇಲೆ ಬತ್ತಿಗಳನ್ನು ಇಟ್ಟುಕೊಂಡು ಮಧುಗಿರಿಗೆ ಹೊರಟೆವು.